ತಲೆ ಬಗ್ಗಿಸಿದರೆ ಹೌದು

ಅಕ್ಟೋಬರ್ 18, ಸೋಮವಾರ

ಕೆಲಸಕ್ಕೆ ಸೇರಿ ಇವತ್ತಿಗೆ ಎರಡು ವಾರ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಈ ಪುಸ್ತಕ. ಟ್ರಾಮಿನಲ್ಲಿ ಕೂತರೆ ಟಿಕೆಟ್ಟನ್ನು ಚೂರು ಚೂರು ಹರಿದು ಕೋಟಿನ ಜೇಬಿಗೆ ತುಂಬುತ್ತೇನೆ. ಆಫೀಸಿನಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತೇನೆ. ಬರೆಯುವಾಗ ಮಾತ್ರ ಕೈಬಾಯಿ ಎರಡಕ್ಕೂ ಬಿಡುವು.

ಸಾಹಿತ್ಯ ಓದಿದವಳು ಕಂಪ್ಯೂಟರ್ ಚಿಪ್ಪುಗಳ ನಡುವೆ ಏನು ಮಾಡುತ್ತೀ ಎಂದು ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ. ನಮ್ಮದು ಬಲ್ಗೇರಿಯಾದ ಹದಿನಾಲ್ಕು ಜನರ ಕಂಪನಿ. ಆಸ್ಪತ್ರೆಯ ಔಷಧಿ ಫ್ರಿಜ್ಜುಗಳ ಮೇಲೆ ಕೂರುವ ಒಂದು ಸಣ್ಣ ಪೆಟ್ಟಿಗೆ ಮಾಡುತ್ತೇವೆ. ಒಳಗೆ ಎಷ್ಟು ತಣ್ಣಗಿದೆ ಎಂದು ಅದು ತೋರಿಸುತ್ತದೆ; ಎಂಟು ಡಿಗ್ರಿ ದಾಟಿದರೆ ಕೂಗುತ್ತದೆ. ಅದರ ಕೈಪಿಡಿ ಬರೆಯುವುದು, ಜರ್ಮನ್ ಭಾಷೆಗೆ ತಿರುಗಿಸುವುದು ನನ್ನ ಕೆಲಸ. ಕಂಪನಿಯ ಯಜಮಾನಿ ದೊಬ್ರೆವಾ ಮೇಡಂ ಸಂದರ್ಶನದ ದಿನ ಹೇಳಿದ್ದರು: "ಇಂಜಿನಿಯರು ಬರೆದದ್ದು ನರ್ಸಿಗೆ ಅರ್ಥ ಆಗಲ್ಲ, ನರ್ಸು ಹೇಳಿದ್ದು ಇಂಜಿನಿಯರಿಗೆ ತಲೆಗೆ ಹೋಗಲ್ಲ. ನೀನು ಮಧ್ಯೆ ಇರು. ನಿಂಗೆ ಬಾಯಿ ಇಲ್ಲ, ಪರವಾಗಿಲ್ಲ. ಕಣ್ಣಿದೆ."

ಬೆಳಿಗ್ಗೆ ಟ್ರಾಮ್ ನಿಲ್ದಾಣದ ಮೊಣಕಾಲಂಗಡಿಯಲ್ಲಿ ತಿಂಡಿಗೆ ಬಾನಿತ್ಸಾ, ಹೂರಣ ತುಂಬಿ ಸುಟ್ಟ ಪದರು ರೊಟ್ಟಿ, ತಗೊಂಡೆ. ಅಂಗಡಿ ನೆಲಮಾಳಿಗೆಯಲ್ಲಿದೆ, ಕಿಟಕಿ ಕಾಲುದಾರಿಯ ಮಟ್ಟಕ್ಕಿದೆ. ನಾನು ಎಂದಿನಂತೆ ಬೆರಳು ತೋರಿಸಿದೆ. ಒಳಗಿನಿಂದ ಪೆನಾ ಅತ್ತೆಯ ದನಿ ಬಂತು: "ಬೆರಳು ಎತ್ತ ತೋರಿಸ್ತಿದೀಯೋ ನಂಗೇನು ಕಾಣುತ್ತೆ? ಕಾಣೋದು ನಿನ್ನ ಮೊಣಕಾಲು, ಆ ಹಸಿರು ಬೂಟು. ಬೂಟು ಮಾತಾಡುತ್ತೇನೇ?"

ಚೀಸಿನದು ಬೇಕಿತ್ತು. ಪಾಲಕ್‌ನದು ಕೊಟ್ಟಳು. ತಿಂದೆ.

ಅಕ್ಟೋಬರ್ 20, ಬುಧವಾರ

ಇವತ್ತು ಗೆಂಚೊ ಮಾಮ ಪೆಟ್ಟಿಗೆಯ ಒಳಗನ್ನು ತೋರಿಸಿದರು. ಅರವತ್ತೇಳು ವರ್ಷ, ಸರ್ಕಾರದ ಹಳೆಯ ಕಂಪ್ಯೂಟರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರನ್ನು ಮೇಡಂ ಮನೆಯಿಂದ ಎಬ್ಬಿಸಿ ತಂದಿದ್ದಾರೆ. ಪೆಟ್ಟಿಗೆಯ ಮೊದಲ ನಕ್ಷೆ ಅವರದೇ.

"ಇದು ಪ್ರೊಸೆಸರ್. ಇದು ಸೆನ್ಸರ್ ಚಿಪ್, ಚಳಿ ಎಷ್ಟಿದೆ ಅಂತ ಇದಕ್ಕೆ ಗೊತ್ತು. ಇಬ್ಬರ ಮಧ್ಯೆ ಎರಡೇ ತಂತಿ. ಒಂದು ತಾಳ, ಇನ್ನೊಂದು ಮಾತು. ಪ್ರೊಸೆಸರ್ ತಾಳ ಹಾಕ್ತಾ ಸೆನ್ಸರನ್ನ ಹೆಸರು ಹಿಡಿದು ಕರೆಯುತ್ತೆ. ಬದುಕಿದ್ರೆ ಅದು ಮಾತಿನ ತಂತೀನ ಒಂದು ಸಲ ಕೆಳಕ್ಕೆ ಎಳೆಯುತ್ತೆ. ಇದೀನಿ ಅಂತ. ಆಮೇಲೇ ಮುಂದಿನ ಮಾತು."

ಎಳೆಯದಿದ್ದರೆ ಎಂದು ಕೇಳಿದೆ.

"ಏನಂದೆ? ಸ್ವಲ್ಪ ಜೋರಾಗಿ, ತಾಯಿ. ನನ್ನ ಕಿವಿ ಸೋವಿಯತ್ ಕಾಲದ್ದು."

ಮತ್ತೆ ಕೇಳಿದೆ.

"ಎಳೀದೆ ಇದ್ರೆ ತಂತಿ ಮೇಲೇ ನಿಂತಿರುತ್ತೆ. ಇಲ್ಲ ಅಂತ ಅರ್ಥ." ಹೇಳುತ್ತಾ ಗಲ್ಲವನ್ನು ಮೇಲಕ್ಕೆತ್ತಿ ಇಳಿಸಿ ನಾಲಿಗೆಯಲ್ಲಿ 'ಚ್' ಎಂದರು, ನಾವೆಲ್ಲ ಇಲ್ಲ ಎನ್ನುವ ಹಾಗೆ. ನಂತರ ಅವರಿಗೇ ನಗು ಬಂತು. "ನೋಡು, ಚಿಪ್ಪಿನ 'ಇಲ್ಲ' ನಮ್ಮ ಬಲ್ಗೇರಿಯಾದ್ದು, ತಲೆ ಮೇಲಕ್ಕೆ. ಅದರ 'ಹೌದು' ಮಾತ್ರ ಪರದೇಶದ್ದು, ತಲೆ ಬಗ್ಗಿಸಿದರೆ ಹೌದು. ನಾವಾಗಿದ್ರೆ ಅಡ್ಡಡ್ಡ ಆಡಿಸ್ತಿದ್ವಿ. ತಂತಿಗೆ ಅಡ್ಡ ಆಡೋಕೆ ಬರಲ್ಲ, ಪಾಪ."

ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ. ಅರ್ಥವಾಯಿತು ಎಂದು.

ಉತ್ತರ ಬರದಿದ್ದರೆ ಪರದೆಯ ಮೇಲೆ ಮೂರು ಅಡ್ಡಗೆರೆ ಬಂದು ಪೆಟ್ಟಿಗೆ ಕೂಗುತ್ತದಂತೆ. ಆ ಗೆರೆಗಳನ್ನು ತಾವೇ ಇಟ್ಟದ್ದು ಎಂದರು, ಮೊಮ್ಮಗಳ ಹೆಸರು ತಾವೇ ಇಟ್ಟದ್ದು ಎನ್ನುವಷ್ಟು ಹೆಮ್ಮೆಯಿಂದ.

ಅಕ್ಟೋಬರ್ 29, ಶುಕ್ರವಾರ

ವಾರವಿಡೀ ಕೂಗು. ಹನ್ನೊಂದು ತಿಂಗಳಿಂದ ಸೆನ್ಸರ್ ಚಿಪ್ ಪ್ರಪಂಚದಲ್ಲೇ ಸಿಗುತ್ತಿಲ್ಲ. ಕೊನೆಗೆ ಮೇಡಂ ಯಾವನೋ ದಲ್ಲಾಳಿಯಿಂದ ಬದಲಿ ಚಿಪ್ ತರಿಸಿದ್ದಾರೆ. ಹೆಸರು ಅದೇ, ಕಾಲುಗಳೂ ಅಷ್ಟೇ. ಮೈಮೇಲಿನ ಅಕ್ಷರ ಮಾತ್ರ ಬೇರೆ ಯಾರೋ ಹೆಸರು ನಕಲು ಮಾಡಿ ಬರೆದ ಹಾಗಿದೆ. ಅವನ್ನು ಬೆಸೆದ ನೂರಿಪ್ಪತ್ತು ಪೆಟ್ಟಿಗೆ ಆಸ್ಟ್ರಿಯಾಕ್ಕೆ ಹೋಗಬೇಕು, ಮಕ್ಕಳ ಲಸಿಕೆ ಮತ್ತು ಇನ್ಸುಲಿನ್ ಇಡುವ ಫ್ರಿಜ್ಜುಗಳಿಗೆ. ಪರೀಕ್ಷೆಯ ಕೋಣೆಯ ಫ್ರಿಜ್ಜುಗಳಿಗೆ ಹಾಕಿದ್ದೇ ಒಂದಾದ ಮೇಲೊಂದು ಮೂರು ಗೆರೆ, ಒಂದಾದ ಮೇಲೊಂದು ಕೂಗು. ನನ್ನ ಮೇಜು ಆ ಕೋಣೆಯ ಗೋಡೆಗೆ ತಾಗಿದೆ. ಮೂರು ಸಲ ಕುರ್ಚಿ ಬದಲಿಸಿದೆ.

ಗೆಂಚೊ ಮಾಮ ರಜೆಯಲ್ಲಿದ್ದಾರೆ. ಊರಿಗೆ ಹೋಗಿ ಚಳಿಗಾಲಕ್ಕೆ ಉಪ್ಪಿನಕಾಯಿ ಹಾಕುತ್ತಿದ್ದಾರೆ. ಪ್ರೋಗ್ರಾಂ ಬರೆಯುವವನು ಬಿಸೆರ್ ಎಂಬಾತ, ನನಗಿಂತ ಮೂರು ವರ್ಷ ದೊಡ್ಡವನು, ನನ್ನನ್ನು ಕವಯಿತ್ರಿ ಎಂದೇ ಕರೆಯುತ್ತಾನೆ. ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಎರಡು ದಿನ ಕೂತಿದ್ದ.

ಇವತ್ತು ಮಧ್ಯಾಹ್ನದಿಂದ ಒಂದೂ ಕೂಗಿಲ್ಲ.

"ಏನು ಮಾಡಿದೆ?" ಎಂದು ಮೇಡಂ ಕೇಳಿದರು.

"ಸಮಾಧಾನ ಮಾಡ್ದೆ," ಎಂದ.

ನನಗೂ ಸಮಾಧಾನವಾಯಿತು. ಸುಳ್ಳೇಕೆ ಹೇಳಲಿ.

ನವೆಂಬರ್ 3, ಬುಧವಾರ

ಪರೀಕ್ಷೆಯ ವರದಿ ತಿದ್ದಲು ಬಂತು. ಬಿಸೆರ್ ಬರೆದ ಕೊನೆಯ ಸಾಲು: 'ಎಲ್ಲ ನೂರಿಪ್ಪತ್ತು ಪೆಟ್ಟಿಗೆಗಳೂ ಶೀತ ಪರೀಕ್ಷೆಯಲ್ಲಿ ತೇರ್ಗಡೆಯಾದವಂತೆ.'

ಕಣ್ಣಾರೆ ಕಂಡದ್ದಕ್ಕೆ ನಮ್ಮ ಭಾಷೆಯಲ್ಲಿ ಕ್ರಿಯಾಪದದ ಒಂದು ರೂಪ, ಕೇಳಿ ತಿಳಿದದ್ದಕ್ಕೆ ಇನ್ನೊಂದು. ವರದಿಯಲ್ಲಿ 'ಅಂತೆ' ಬಂದರೆ ಅಜ್ಜಿಕಥೆಯ ಹಾಗೆ ಕಾಣುತ್ತದೆ. ತೆಗೆದು ಹಾಕಿದೆ. 'ತೇರ್ಗಡೆಯಾದವು.' ಈಗ ವಾಕ್ಯ ಗಟ್ಟಿಯಾಗಿದೆ. ಜರ್ಮನ್‌ಗೂ ತಿರುಗಿಸಿ ಕಳಿಸಿದೆ.

ಮೇಡಂ ಓದಿ, "ಚೆನ್ನಾಗಿದೆ. ಎಷ್ಟು ಖಚಿತವಾಗಿ ಬರೀತೀಯ," ಎಂದರು. ಸಂಜೆಯವರೆಗೂ ಖುಷಿಯಲ್ಲಿದ್ದೆ.

ನವೆಂಬರ್ 9, ಮಂಗಳವಾರ

ಕೈಪಿಡಿಯಲ್ಲಿ ಹಾಕಲು ಒಂದು ಪೆಟ್ಟಿಗೆಯ ದಾಖಲೆ ತೆಗೆಸಿದೆ. ಪ್ರತಿ ನಿಮಿಷದ ಅಂಕಿ, ಮೂರು ಪುಟ. ಮೊದಲ ಪುಟ ಹೀಗಿದೆ: 4.1, 4.3, 4.2, 4.2, 4.4, 4.1. ಬದುಕಿರುವ ಯಾವುದಾದರೂ ಉಸಿರಾಡುವ ಹಾಗೆ. ಎರಡನೇ ಪುಟದ ನಡುವಿನಿಂದ 4.2. ಮತ್ತೆ 4.2. ಪುಟದ ಕೊನೆಯವರೆಗೂ 4.2. ಮೂರನೇ ಪುಟ ಪೂರ್ತಿ 4.2.

ಕಾಲೇಜಿನಲ್ಲಿ ಒಂದೇ ಪದ ಪದ್ಯದಲ್ಲಿ ಮರಳಿ ಮರಳಿ ಬಂದರೆ ಕವಿ ಏನೋ ಹೇಳುತ್ತಿದ್ದಾನೆ, ಅಥವಾ ಹೇಳಲು ಏನೂ ಉಳಿದಿಲ್ಲ ಎಂದು ಕಲಿಸಿದ್ದರು. ಆ ಮೂರನೇ ಪುಟದ ಹೊತ್ತಿನಲ್ಲಿ ಕೋಣೆ ಗುಡಿಸುವ ಹೆಂಗಸು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಒರೆಸಿದ್ದನ್ನು ನಾನೇ ನೋಡಿದ್ದೆ. ಆಗಲೂ 4.2.

ಇನ್ನೂ ಹನ್ನೊಂದು ಪೆಟ್ಟಿಗೆಗಳ ದಾಖಲೆ ತೆಗೆದೆ. ನಾಲ್ಕರಲ್ಲಿ ಇದೇ ಕಥೆ. ಅಂಕಿ ಬೇರೆ ಬೇರೆ, ನಿಂತದ್ದು ಹಾಗೇ.

ನವೆಂಬರ್ 10, ಬುಧವಾರ

ಬಿಸೆರ್ ನನ್ನಿಂದ ಎರಡು ಗಜ ದೂರ ಕೂರುತ್ತಾನೆ. ಅವನಿಗೆ ಕಂಪ್ಯೂಟರಿನಲ್ಲೇ ಸಂದೇಶ ಕಳಿಸಿದೆ: ಈ ಅಂಕಿ ಏಕೆ ಅಲುಗುವುದಿಲ್ಲ?

ಅವನು ತಿರುಗಿ ಬಾಯಲ್ಲೇ ಉತ್ತರ ಕೊಟ್ಟ, ಎಲ್ಲರಿಗೂ ಕೇಳುವ ಹಾಗೆ. "ಕವಯಿತ್ರಿ ಅಂಕಿ ಓದ್ತಿದಾರಪ್ಪ. ಹೊಸ ಚಿಪ್ಪು ಚಳಿಗೆ ಆಗಾಗ ಉತ್ತರ ಕೊಡೋದು ನಿಲ್ಲಿಸುತ್ತೆ. ಪ್ರತಿ ಸಲ ಗೆರೆ ತೋರಿಸಿ ಕೂಗಿದ್ರೆ ಯಾರು ತಡಕೋತಾರೆ? ಉತ್ತರ ಬಂದಿಲ್ಲ ಅಂದ್ರೆ ಹಿಂದಿನ ಉತ್ತರವನ್ನೇ ತೋರಿಸು ಅಂತ ಬರ್ದಿದೀನಿ. ತಾತ್ಕಾಲಿಕ."

"ಎಷ್ಟು ಹೊತ್ತಿನವರೆಗೆ ತೋರಿಸುತ್ತೆ?" ಎಂದು ಟೈಪಿಸಿದೆ.

ಈ ಸಲ ಉತ್ತರ ಪರದೆಯ ಮೇಲೆ ಬಂತು: 'ಪೆಟ್ಟಿಗೆ ಆರಿಸಿ ಹಚ್ಚುವವರೆಗೆ.'

ಅಂದರೆ ಫ್ರಿಜ್ಜು ಕೆಟ್ಟು ಇಪ್ಪತ್ತು ಡಿಗ್ರಿಗೆ ಏರಿದರೂ ನರ್ಸಿಗೆ ಕಾಣುವುದು 4.2. ಆ ಲಸಿಕೆ ಮಗುವಿನ ತೋಳಿಗೆ ಹೋಗುತ್ತದೆ.

ನವೆಂಬರ್ 11, ಗುರುವಾರ

ಗೆಂಚೊ ಮಾಮ ರಜೆ ಮುಗಿಸಿ ಬಂದರು. ಹೇಳಬೇಕೆಂದು ಅವರ ಮೇಜಿನವರೆಗೆ ಮೂರು ಸಲ ಹೋದೆ. ಒಮ್ಮೆ ಸ್ಟೇಪ್ಲರ್ ತಗೊಂಡು ಬಂದೆ, ಒಮ್ಮೆ ಅದನ್ನು ವಾಪಸ್ ಇಟ್ಟು ಬಂದೆ. ಮೂರನೇ ಸಲ ಅವರು ಊಟಕ್ಕೆ ಎದ್ದಿದ್ದರು. ದಾಖಲೆಯ ಪುಟಗಳಿಗೆ ಕೆಂಪು ಗೆರೆ ಎಳೆದು ಕನ್ನಡಕದ ಡಬ್ಬಿಯ ಕೆಳಗೆ ಇಟ್ಟು ಓಡಿಬಂದೆ.

ನವೆಂಬರ್ 12, ಶುಕ್ರವಾರ

ಅವರು ಬೆಳಿಗ್ಗೆಯೇ ನಿಂತುಹೋದ ಪೆಟ್ಟಿಗೆಯೊಂದನ್ನು ಹೊರತೆಗೆದು, ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಮೇಡಂ ಕೋಣೆಗೆ ನಡೆದರು. ಬಾಗಿಲು ಹಾಕಲಿಲ್ಲ.

"ನೋಡು ಎಲ್ಕಾ. ನನ್ನ ಕೈ ನಾಲ್ಕು ಡಿಗ್ರಿ ಅಂತೆ. ಸತ್ತಿದೀನಾ ಮುಟ್ಟಿ ನೋಡಮ್ಮ."

ಮೇಡಂ ಹೆಸರು ಎಲ್ಕಾ ಎಂದು ಇವತ್ತು ಗೊತ್ತಾಯಿತು.

"ಗೆಂಚೊ ಮಾಮ, ಕೂತ್ಕೊಳ್ಳಿ."

"ಕೂರಲ್ಲ. ಉತ್ತರ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅನ್ಬೇಕು. ನಿನ್ನೆಯ ಉತ್ತರ ಇವತ್ತು ತೋರಿಸೋದಕ್ಕೆ ಏನಂತಾರೆ? ನಿನಗೆ ಬೆಸುಗೆ ಹಾಕೋಕೆ ಕಲಿಸಿದ್ದು ನಾನು. ಇದನ್ನ ಕಲಿಸಿದ್ದೆನಾ?"

"ಹದಿನೆಂಟಕ್ಕೆ ಆಸ್ಟ್ರಿಯಾದವರು ಬರ್ತಾರೆ. ಅವರು ಒಪ್ಪಿದರೆ ಈ ಕಟ್ಟಡದ ಬಾಗಿಲು ತೆಗೆದಿರುತ್ತೆ. ಹೊಸ ಪ್ರೋಗ್ರಾಂ ಜನವರಿಲಿ ಕಳಿಸ್ತೀನಿ. ಅಲ್ಲೀವರೆಗೂ ಅಲ್ಲಿ ಬೇರೆ ಥರ್ಮಾಮೀಟರ್ ಇರುತ್ತೆ."

"ಇರುತ್ತೆ ಅಂತ ನೋಡಿದೀಯಾ?"

"ಇರುತ್ತಂತೆ," ಎಂದರು ಮೇಡಂ.

ಬಿಸೆರ್‌ನ ವರದಿಯಲ್ಲೂ ಅದೇ 'ಅಂತೆ' ಇತ್ತು. ಬಹುಶಃ ಅವನು ಅರಿವಿಲ್ಲದೆ ಬರೆದದ್ದು. ಆದರೂ ಆ ವಾಕ್ಯದಲ್ಲಿ ನಿಜವೆಂಬುದೇನಾದರೂ ಇದ್ದರೆ ಅದು ಅಷ್ಟೇ. ಅದನ್ನು ಅಳಿಸಿದವಳು ನಾನು.

ನವೆಂಬರ್ 17, ಬುಧವಾರ

ನಾಳೆ ಭೇಟಿ. ದುಭಾಷಿ ನಾನೇ. ಮೇಡಂ ಎಲ್ಲರನ್ನೂ ಸೇರಿಸಿ ಹೇಳಿದರು: "ಹಿಂದಿನ ಸಲದ ಗೋಳು ಬೇಡ. ಅವರ ಮುಂದೆ ಯಾರೂ ತಲೆ ಆಡಿಸ್ಬೇಡಿ. ನಮ್ಮ ಹೌದು ಅವರಿಗೆ ಇಲ್ಲ, ನಮ್ಮ ಇಲ್ಲ ಅವರಿಗೆ ಹೌದು. ಏನಿದ್ರೂ ಬಾಯಲ್ಲಿ ಹೇಳಿ."

"ಕವಯಿತ್ರಿ ಗತಿ ಏನು? ಕತ್ತಿಗೆ ಪಟ್ಟಿ ಹಾಕೋಣ್ವಾ?" ಎಂದ ಬಿಸೆರ್. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಖಕ್ಕೆ ಕೊರೊನಾ ಮಾಸ್ಕ್ ಇದ್ದದ್ದರಿಂದ ನಗದಿದ್ದರೂ ಗೊತ್ತಾಗುತ್ತಿರಲಿಲ್ಲ.

ಗೆಂಚೊ ಮಾಮ ಹೇಳಿದ್ದು ಒಂದೇ ಮಾತು. "ನನ್ನನ್ನ ಕೇಳದೆ ಇದ್ರೆ ಸುಮ್ನಿರ್ತೀನಿ ಎಲ್ಕಾ. ಕೇಳಿದ್ರೆ ಇಲ್ಲ ಅಂತೀನಿ."

ನವೆಂಬರ್ 18, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಂದವರು ಹೋಲ್‌ರೀಡರ್ ಎಂಬ ಹೆಂಗಸು, ಐವತ್ತರ ಆಚೀಚೆ, ಚಳಿಗೆ ಕೆಂಪಾದ ಮೂಗು ಮಾಸ್ಕಿನ ಮೇಲೆ ಇಣುಕುತ್ತಿತ್ತು. ಸಭ್ಯರು. ಎಲ್ಲರ ಹೆಸರನ್ನೂ ಕೇಳಿ ಬರೆದುಕೊಂಡರು. ವರದಿ ಓದಿದರು, 'ತೇರ್ಗಡೆಯಾದವು' ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದರು. ಪರೀಕ್ಷೆಯ ಕೋಣೆಯಲ್ಲಿ ನೂರಿಪ್ಪತ್ತು ಪೆಟ್ಟಿಗೆ ಸದ್ದಿಲ್ಲದೆ ಕೂತಿದ್ದವು.

ಹೊರಡುವ ಮುಂಚೆ ಅವರು ಗೆಂಚೊ ಮಾಮನ ಮುಂದೆ ನಿಂತರು. "ನಕ್ಷೆ ಇವರದಲ್ಲವೇ? ಕೇಳಿ, ಈ ಹೊಸ ಚಿಪ್ಪಿನೊಂದಿಗೆ ಪೆಟ್ಟಿಗೆಗಳನ್ನು ಆಸ್ಪತ್ರೆಗೆ ಕಳಿಸಲು ಇವರಿಗೆ ಒಪ್ಪಿಗೆಯೇ?"

ನಾನು ಕೇಳಿದೆ. ಪದ ಬಿಡದೆ ಕೇಳಿದೆ.

ಮಾಮ ನನ್ನನ್ನು ನೋಡಿದರು, ಹೋಲ್‌ರೀಡರ್ ಅವರನ್ನು ನೋಡಿದರು, ಗಲ್ಲ ಎತ್ತಿ ತಲೆಯನ್ನು ಮೇಲಕ್ಕೊಮ್ಮೆ ಒಗೆದು ಇಳಿಸಿದರು. ಅರವತ್ತೇಳು ವರ್ಷದ ಅಭ್ಯಾಸ. ನಾಲಿಗೆಯ 'ಚ್' ಮಾಸ್ಕಿನ ಒಳಗೇ ಉಳಿಯಿತು. ಹೇಳಬೇಕಾದದ್ದನ್ನು ಹೇಳಿ ಮುಗಿಸಿದ ನೆಮ್ಮದಿ ಅವರ ಕಣ್ಣಿನಲ್ಲಿ ಕಂಡಿತು. ಉಳಿದದ್ದು ದುಭಾಷಿಯ ಕೆಲಸ.

ಹೋಲ್‌ರೀಡರ್ ಕಣ್ಣಲ್ಲೇ ನಕ್ಕು, ತಾವೂ ತಲೆ ಬಗ್ಗಿಸಿ, ಪುಸ್ತಕದಲ್ಲಿ ಏನೋ ಬರೆದರು.

ಬಾಯಿ ತೆರೆದೆ. ದೊಬ್ರೆವಾ ಮೇಡಂ ನನ್ನನ್ನೇ ನೋಡುತ್ತಿದ್ದರು. ಗದರುವ ನೋಟವಲ್ಲ, ಬೇಡುವ ನೋಟ. "ಕಾಫಿಗೆ ಹೋಗೋಣ್ವಾ ಅಂತ ಕೇಳು," ಎಂದರು.

ಕಾಫಿಗೆ ಹೋಗೋಣವೇ ಎಂದು ಕೇಳಿದೆ.

ನವೆಂಬರ್ 19, ಶುಕ್ರವಾರ

ಏನೂ ಬರೆಯುವಂತಿಲ್ಲ.

ನವೆಂಬರ್ 20, ಶನಿವಾರ

ಮನೆಯಲ್ಲಿ ಕೂರಲಾಗಲಿಲ್ಲ. ಕೊನೆಯ ನಿಲ್ದಾಣದವರೆಗೆ ಟ್ರಾಮಿನಲ್ಲಿ ಹೋಗಿ, ಅದೇ ಟ್ರಾಮಿನಲ್ಲಿ ಬಂದು, ಮತ್ತೆ ಹೋದೆ. ವಿತೋಶಾ ಬೆಟ್ಟ ಮಂಜಿನೊಳಗೆ ಇತ್ತೋ ಇಲ್ಲವೋ. ಟಿಕೆಟ್ ತಪಾಸಣೆಯವನು ಬಂದ. ಜೇಬಿನಿಂದ ಚೂರುಗಳನ್ನು ತೆಗೆದು ಅವನ ಅಂಗೈಗೆ ಸುರಿದೆ.

"ಇದೇನು, ಮದುವೆಯಾ?" ಎಂದ.

ತಲೆ ಮೇಲಕ್ಕೆ ಎತ್ತಿದೆ. ಅವನೂ ಪಕ್ಕದ ಸೀಟಿನ ಮುದುಕಿಯೂ ಸೇರಿ ಮೊಣಕಾಲಿನ ಮೇಲೆ ಚೂರು ಜೋಡಿಸಿದರು. ಮೂಲೆಯೊಂದು ಸಿಗಲಿಲ್ಲ. "ಹೋಗ್ಲಿ ಬಿಡು, ದಿನಾಂಕ ಕಾಣ್ತಿದೆ," ಎಂದು ಎದ್ದು ಹೋದ.

ನವೆಂಬರ್ 23, ಮಂಗಳವಾರ

ಆಸ್ಟ್ರಿಯಾದಿಂದ ಒಪ್ಪಿಗೆಯ ಪತ್ರ ಬಂತು. ಲಾರಿ ಮುಂದಿನ ಸೋಮವಾರ. ಪತ್ರವನ್ನು ನಮ್ಮ ಭಾಷೆಗೆ ತಿರುಗಿಸಿ ಎಲ್ಲರ ಮೇಜಿಗೂ ಕೊಡುವ ಕೆಲಸ ನನ್ನದು. ಮೂರನೇ ಸಾಲು: 'ಮುಖ್ಯ ಇಂಜಿನಿಯರ್ ಗೆಂಚೊ ಗೆಂಚೆವ್ ಅವರು ನೇರ ಪ್ರಶ್ನೆಗೆ ತಲೆದೂಗಿ ಸಮ್ಮತಿ ಸೂಚಿಸಿದ್ದನ್ನು ವಿಶೇಷವಾಗಿ ದಾಖಲಿಸುತ್ತೇನೆ.'

ಆ ಸಾಲನ್ನು ಬಿಟ್ಟು ತಿರುಗಿಸಬಹುದಿತ್ತು. ಬಿಡಲಿಲ್ಲ.

ಗೆಂಚೊ ಮಾಮ ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನ ಮೇಜಿಗೆ ಬಂದರು.

"ನಾನು ಇಲ್ಲ ಅಂದಿದ್ದೆ."

ತಲೆ ಅಡ್ಡಡ್ಡ ಆಡಿಸಿದೆ.

"ನಿಂಗೆ ಗೊತ್ತಾಗಿತ್ತು."

ಮತ್ತೆ ಆಡಿಸಿದೆ.

"ನೀನು ಅಲ್ಲೇ ನಿಂತಿದ್ದೆ ಕಣಮ್ಮ," ಎಂದರು. ಜೋರಾಗಿ ಹೇಳಲಿಲ್ಲ. "ಆ ಚಿಪ್ಪಿಗಾದ್ರೂ ಚಳಿ ತಡಿಯಲ್ಲ ಅನ್ನೋ ಕಾರಣ ಇದೆ."

ಹೋಗಿ ಕೂತರು. ಮಧ್ಯಾಹ್ನ ಹುರುಳಿಕಾಯಿ ಸೂಪಿನ ಹೊತ್ತಿಗೆ ನನ್ನ ಎದುರು ಅವರು ದಿನವೂ ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು.

ನವೆಂಬರ್ 24, ಬುಧವಾರ

ಮೇಡಂ ಕೋಣೆಗೆ ಹೋದೆ. ಬಾಗಿಲು ತಟ್ಟಲು ಮರೆತೆ.

"ಗೆಂಚೊ ಮಾಮ ಇಲ್ಲ ಅಂದಿದ್ದರು ಮೇಡಂ. ಪತ್ರ ತಪ್ಪು."

"ಗೊತ್ತು."

"ಆಸ್ಟ್ರಿಯಾದವರಿಗೆ ಬರೀಬೇಕು."

"ಕೂತ್ಕೋ ನೆವೆನಾ." ಕೂತೆ. ಅವರ ಮೇಜಿನ ಮೇಲೆ ತಣ್ಣಗಾದ ಮೂರು ಕಾಫಿ ಲೋಟ ಇದ್ದವು. "ನಾನು ಮಕ್ಕಳಿಗೆ ವಿಷ ಹಾಕೋಳಲ್ಲ. ಜನವರಿಲಿ ಸರಿ ಮಾಡ್ತೀನಿ ಅಂದೆ, ಮಾಡ್ತೀನಿ. ಆರು ವಾರ. ಅಷ್ಟರಲ್ಲಿ ಏನಾಗುತ್ತೆ?"

"ಗೊತ್ತಿಲ್ಲ," ಎಂದೆ. "ಪೆಟ್ಟಿಗೆಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ತೋರಿಸೋದನ್ನೂ ನಾವು ತೆಗೆದುಹಾಕಿದೀವಿ."

ಅವರು ಮೂರು ಲೋಟಗಳನ್ನೂ ಒಂದರೊಳಗೊಂದು ಸೇರಿಸಿ ಪಕ್ಕಕ್ಕಿಟ್ಟರು. "ಸಾಹಿತ್ಯದೋಳನ್ನ ತಗೊಂಡೆ ನೋಡು, ನನಗೆ ಬೇಕಿತ್ತು. ಲಾರಿ ಸೋಮವಾರ ಬರುತ್ತೆ. ಹೋಗಿ ಕೆಲಸ ನೋಡು."

ಅಲ್ಲಿ ಅಷ್ಟು ಮಾತಾಡಿದ್ದು ಬರೆಯುವಾಗಷ್ಟೇ ಲೆಕ್ಕಕ್ಕೆ ಬಂತು.

ನವೆಂಬರ್ 25, ಗುರುವಾರ

ಇಮೇಲ್ ಬರೆದೆ. ನಾಲ್ಕು ಸಲ ಬರೆದೆ. ಪ್ರತಿ ಸಲವೂ ವಾಕ್ಯಗಳು ಚೆಂದವಾಗುತ್ತ ಹೋದವು, ವಿಷಯ ಹಿಂದೆ ಸರಿಯುತ್ತ ಹೋಯಿತು. ನನ್ನ ಬರವಣಿಗೆಯ ಮೇಲೆ ನನಗೇ ನಂಬಿಕೆ ಹೋಯಿತು. ಎಲ್ಲ ಅಳಿಸಿ, ಹನ್ನೊಂದೂವರೆಗೆ ಅಂಗಳಕ್ಕಿಳಿದು ಚೆಸ್ಟ್‌ನಟ್ ಮರದ ಕೆಳಗೆ ನಿಂತು ಫೋನ್ ಮಾಡಿದೆ. ಯಾರೋ ಎಲೆ ಗುಡಿಸುತ್ತಿದ್ದರು.

"ಹೋಲ್‌ರೀಡರ್," ಎಂದಿತು ದನಿ.

ಹೆಸರು ಹೇಳಿದೆ. ದುಭಾಷಿ ಎಂದೆ. ಆಮೇಲೆ ಒಂದೇ ಉಸಿರಿಗೆ, ಗೆಂಚೆವ್ ಅವರು ತಲೆ ಆಡಿಸಿದ್ದು ಬೇಡ ಎಂದು, ನಮ್ಮಲ್ಲಿ ಅದಕ್ಕೆ ಹಾಗೇ ಅರ್ಥ, ಚಿಪ್ ಉತ್ತರ ಕೊಡದಿದ್ದಾಗ ಪೆಟ್ಟಿಗೆ ಹಳೆಯ ಅಂಕಿಯನ್ನೇ ತೋರಿಸುತ್ತದೆ, ಹನ್ನೆರಡರಲ್ಲಿ ಐದು ಹಾಗೆ ನಿಂತಿದ್ದವು ಎಂದೆ.

ಅತ್ತ ಪೆನ್ಸಿಲ್ ಓಡುವ ಸದ್ದು. "ಇದನ್ನು ನಿಮಗೆ ಇಂಜಿನಿಯರ್ ಹೇಳಿದರೇ?"

"ಇಲ್ಲ. ನಾನೇ ನೋಡಿದೆ."

"ಆದರೆ ವರದಿಯಲ್ಲಿ ಎಲ್ಲ ತೇರ್ಗಡೆಯಾದವು ಎಂದಿದೆ."

"ಆ ವಾಕ್ಯ ಮೊದಲು ಹಾಗಿರಲಿಲ್ಲ. ಅದನ್ನು ತಿದ್ದಿದವಳು ನಾನು." ಜರ್ಮನ್‌ನಲ್ಲಿ 'ಅಂತೆ'ಗೆ ಒಂದು ಪದ ಹೊಳೆಯಲಿಲ್ಲ, ವಿವರಿಸಲು ಮೂರು ವಾಕ್ಯ ಬೇಕಾಯಿತು.

"ನಾನು ಅವರನ್ನು ಕೇಳಿದಾಗ ನೀವು ಪಕ್ಕದಲ್ಲೇ ಇದ್ದಿರಿ, ಅಲ್ಲವೇ?"

ತಲೆ ಅಡ್ಡಡ್ಡ ಆಡಿಸಿದೆ. ಆಡಿಸುತ್ತಲೇ ಇದ್ದೆ. ಗುಡಿಸುವವನು ಪೊರಕೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

"ಹಲೋ? ಇದ್ದೀರಾ?"

"ಇದೀನಿ," ಎಂದೆ.

ಗಾಬರಿಯಲ್ಲಿ ನಮ್ಮ ಭಾಷೆಯಲ್ಲೇ ಅಂದುಬಿಟ್ಟಿದ್ದೆ. ಜರ್ಮನ್‌ನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಹೌದು, ಅಲ್ಲೇ ಇದ್ದೆ.

ನವೆಂಬರ್ 26, ಶುಕ್ರವಾರ

ಲಾರಿ ರದ್ದು. ಒಪ್ಪಂದ ರದ್ದಲ್ಲ, ಡಿಸೆಂಬರ್ ಹತ್ತರವರೆಗೆ ಸಮಯ ಕೊಟ್ಟಿದ್ದಾರೆ. ಈ ಸಲ ಶೀತ ಪರೀಕ್ಷೆ ಅವರ ಕಣ್ಣೆದುರಿಗೇ ನಡೆಯಬೇಕು.

ಮೇಡಂ ಬೆಳಿಗ್ಗೆ ಕರೆದರು. ನಿಂತೇ ಇದ್ದರು. "ಅವರು ನಿನ್ನ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಕಟ್ಟಡದಲ್ಲಿ ಜರ್ಮನ್ ಬರೋರು ಎಷ್ಟು ಜನ?"

"ನಾನೊಬ್ಬಳೇ."

"ವರ್ಷದ ಕೊನೆಗೆ ನಿನ್ನ ಕರಾರು ಮುಗಿಯುತ್ತೆ. ಮುಂದುವರಿಸಲ್ಲ."

"ಸರಿ," ಎಂದೆ. "ಕೈಪಿಡಿ ಮುಗಿಸಿ ಹೋಗ್ತೀನಿ."

"ಮುಗಿಸು," ಎಂದು ಬಾಗಿಲ ಕಡೆ ನೋಡಿದರು. ನಾನು ಹೊರಗೆ ಬಂದ ಮೇಲೆ ಬಿಸೆರ್‌ನನ್ನು ಕರೆದದ್ದು ಕೇಳಿಸಿತು.

ಅಮ್ಮನಿಗೆ ಏನು ಹೇಳಬೇಕೋ ತಿಳಿಯದು. ಹೊಸ ವರ್ಷಕ್ಕೆ ಊರಿಗೆ ಹೋದಾಗ ನೋಡೋಣ.

ಡಿಸೆಂಬರ್ 2, ಗುರುವಾರ

ಪರೀಕ್ಷೆಯ ಕೋಣೆಯಲ್ಲಿ ಮತ್ತೆ ಕೂಗು. ಗೆಂಚೊ ಮಾಮ ತಮ್ಮ ಮೂರು ಗೆರೆಗಳನ್ನು ವಾಪಸ್ ತರಿಸಿದ್ದಾರೆ. ಬಿಸೆರ್ ತಾಳ ನಿಧಾನ ಮಾಡಿ ನೋಡಿದ. ನಿಧಾನವಾಗಿ ಕರೆದರೆ ಈ ಚಿಪ್ಪುಗಳಲ್ಲಿ ಹೆಚ್ಚಿನವು ಚಳಿಯಲ್ಲೂ ಉತ್ತರ ಕೊಡುತ್ತವೆ. ಗಾಬರಿಯಾಗಿದ್ದವು, ಅಷ್ಟೇ. ಹತ್ತೊಂಬತ್ತು ಮಾತ್ರ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಅವನ್ನು ಕಿತ್ತು ಬಟ್ಟಲಲ್ಲಿ ಹಾಕಿದರು.

ಬಿಸೆರ್ ಹೊಸ ವರದಿ ತಂದು ಮೇಜಿನ ಮೇಲಿಟ್ಟ. "ನೆವೆನಾ, ಇದನ್ನ ನೋಡ್ತೀಯಾ? ವ್ಯಾಕರಣ ಮಾತ್ರ ಅಲ್ಲ, ಪೂರ್ತಿ."

ಪೂರ್ತಿ ನೋಡಿದೆ. ಎರಡು ಕಡೆ ಪ್ರಶ್ನೆಯಿತ್ತು. ಅವನಿದ್ದಲ್ಲಿಗೇ ಹೋಗಿ ಕೇಳಿದೆ. ಒಂದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಹಾಗಾದರೆ ಇಲ್ಲ ಎಂದೇ ಬರೆ ಎಂದೆ. ಬರೆದ.

ಕೈಪಿಡಿಗೆ ಇವತ್ತು ಒಂದು ಸಾಲು ಸೇರಿಸಿದೆ: 'ಪರದೆಯ ಮೇಲೆ ಮೂರು ಗೆರೆ ಕಂಡರೆ, ಒಳಗೆ ಎಷ್ಟು ತಣ್ಣಗಿದೆ ಎಂದು ಪೆಟ್ಟಿಗೆಗೆ ಗೊತ್ತಿಲ್ಲ. ಅದನ್ನು ನಂಬಬೇಡಿ, ಹೋಗಿ ನೋಡಿ.' ಗೆಂಚೊ ಮಾಮ ಅದನ್ನು ಓದಿದರು. ಊಟದ ಹೊತ್ತಿಗೆ ನನ್ನ ಎದುರು ಕೂತು, ಹೂಕೋಸು ಕ್ಯಾರೆಟ್ಟಿನ ಉಪ್ಪಿನಕಾಯಿ ಬಾಟಲಿಯನ್ನು ನಡುವೆ ಇಟ್ಟರು.

"ಉಪ್ಪು ಜಾಸ್ತಿ ಆಯ್ತಾ?"

"ಆಯ್ತು ಮಾಮ."

"ಈ ಹುಡುಗಿಗೆ ಏನಾಗಿದೆ," ಎಂದು ಬಾಟಲಿಯನ್ನು ಇನ್ನಷ್ಟು ನನ್ನತ್ತ ತಳ್ಳಿದರು.

ಡಿಸೆಂಬರ್ 10, ಶುಕ್ರವಾರ

ಹೋಲ್‌ರೀಡರ್ ಬಂದು ಹೋದರು. ನೂರೊಂದು ಪೆಟ್ಟಿಗೆ ಹೊರಟವು. ಹೊರಡುವಾಗ ಅವರು ಗೆಂಚೊ ಮಾಮನ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದರು. ಮಾಮ ಅಡ್ಡಡ್ಡ ತಲೆ ಆಡಿಸಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಕತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಯಾ" ಎಂದರು. ಅವರಿಗೆ ಬರುವ ಜರ್ಮನ್ ಆ 'ಹೌದು' ಅಷ್ಟೇ. ಮೇಡಂ ಸಹ ನಕ್ಕರು. ನನ್ನತ್ತ ನೋಡಲಿಲ್ಲ.

ಡಿಸೆಂಬರ್ 14, ಮಂಗಳವಾರ

ಹಿಮ ಬಿದ್ದಿದೆ. ಬೇರೆ ಕೆಲಸಕ್ಕೆ ಮೂರು ಅರ್ಜಿ ಹಾಕಿದೆ.

ಮೊಣಕಾಲಂಗಡಿಯ ಕಿಟಕಿಯ ಮುಂದೆ ಆರು ಜನರ ಸಾಲು. ನನ್ನ ಸರದಿ ಬಂದಾಗ ಬಗ್ಗಿ, ಚೀಸಿನ ಬಾನಿತ್ಸಾ, ತುದಿಯ ಗರಿಗರಿ ತುಂಡು ಎಂದೆ. ಒಳಗಿನಿಂದ ಪೆನಾ ಅತ್ತೆ ಗದರಿದಳು: "ಯಾರಮ್ಮ ಅದು, ಹೀಗೆ ಕೂಗ್ತಿರೋದು? ನಂಗೇನು ಕಿವುಡಾ?" ಕಿಟಕಿಗೆ ಬಂದು ಇಣುಕಿದಳು. "ಅಯ್ಯೋ, ಹಸಿರು ಬೂಟು."

ನಾನೇನೂ ಕೂಗಿರಲಿಲ್ಲ. ಹಿಮ ಬಿದ್ದಾಗ ಬೀದಿಯಲ್ಲಿ ಸದ್ದು ಕಡಿಮೆಯಿರುತ್ತದೆ, ಹಾಗಾಗಿ ಆಕೆಗೆ ಜೋರಾಗಿ ಕೇಳಿಸಿರಬೇಕು.